ಕಣ್ಣು ಕೀಳಲಾಗಲಿಲ್ಲ, ಆದರೆ ಮನಸ್ಸಿಗೆ ಏನೂ ಆಗಲಿಲ್ಲ

ಪ್ರಶ್ನೆ: ನಾನು ಪೊನ್ನಂಪೇಟೆಯವಳು. ಬೆಂಗಳೂರಿನಲ್ಲಿ ಒಂದು ಸಿನಿಮೋತ್ಸವಕ್ಕೆ ಹೋಗಿದ್ದೆ. ಹಳೆಯ ಚಿತ್ರಗಳ ವಿಭಾಗದಲ್ಲಿ ಫ್ರಾನ್ಸಿನ ನಿರ್ದೇಶಕ ಗೊದಾರ್ ಅವರ ‘ಆಲ್ಫಾವಿಲ್’ ನೋಡಿದೆ. ಒಂದು ಕಂಪ್ಯೂಟರ್ ಇಡೀ ನಗರವನ್ನು ಆಳುವ ಕಥೆ. ಕಪ್ಪು-ಬಿಳುಪಿನಲ್ಲಿ ಎಷ್ಟು ಚೆಂದ ಇತ್ತೆಂದರೆ ಕಣ್ಣು ಕೀಳಲಾಗಲಿಲ್ಲ. ಆದರೆ ಯಾರ ಮೇಲೂ ಮರುಕ ಬರಲಿಲ್ಲ. ಹೊರಗೆ ಬಂದಾಗ ಒಬ್ಬ ಗೆಳತಿ ‘ಮಾಸ್ಟರ್‌ಪೀಸ್’ ಅಂದಳು, ಇನ್ನೊಬ್ಬ ಗೆಳೆಯ ‘ಬರೀ ಸ್ಟೈಲು’ ಅಂದ. ನಾನು ಸುಮ್ಮನಿದ್ದೆ. ನನಗೇ ಅರ್ಥವಾಗಲಿಲ್ಲವೋ, ಚಿತ್ರವೇ ಹಾಗೋ? ಇನ್ನೊಂದು ಮಾತು. ಅಷ್ಟು ಕೆಟ್ಟ ಲೋಕವನ್ನು ಇಷ್ಟು ಚೆಂದವಾಗಿ ತೋರಿಸುವುದು ಸರಿಯಾ? 2018ರಲ್ಲಿ ನಮ್ಮ ಕೊಡಗಿನ ಮಕ್ಕಂದೂರು ಕಡೆ ಬೆಟ್ಟ ಜಾರಿ ನಮ್ಮ ನೆಂಟರ ತೋಟ ಕೊಚ್ಚಿಹೋಯಿತು. ಆಗ ಬಂದ ಡ್ರೋನ್ ವಿಡಿಯೊಗಳನ್ನು ಕೆಲವರು ‘ಎಂಥ ಶಾಟ್’ ಅಂತ ಹಂಚಿಕೊಂಡಿದ್ದರು. ಚಿತ್ರ ನೋಡುವಾಗ ಅದೇ ನೆನಪಾಗಿ ಹೊಟ್ಟೆ ಕಿವುಚಿತು. ಇಷ್ಟಾದರೂ ಈ ಚಿತ್ರವನ್ನು ಕಾಲೇಜಿನ ಗೆಳೆಯರಿಗೆ ತೋರಿಸಬೇಕು ಅನಿಸುತ್ತಿದೆ. ತೋರಿಸಬಹುದಾ?

ಉತ್ತರ: ಮೊದಲು ಒಂದು ವಿಷಯ. ಮರುಕ ಬರಲಿಲ್ಲ ಅಂದರೆ ಅರ್ಥವಾಗಲಿಲ್ಲ ಅಂತಲ್ಲ. ಈ ಚಿತ್ರದ ತಣ್ಣಗಿನ ಗುಣ ಅಲ್ಲಿ ಬೇಕೆಂದೇ ಇಟ್ಟದ್ದು, ಅದು ನಿಮಗೆ ತಾಗಿದೆ. ಕಣ್ಣು ಕೀಳಲಾಗಲಿಲ್ಲ, ಹೊಟ್ಟೆ ಕಿವುಚಿತು ಅಂತ ಎರಡನ್ನೂ ಒಟ್ಟಿಗೆ ಬರೆದಿದ್ದೀರಲ್ಲ, ನಿಮ್ಮ ಗೆಳತಿಯ ಹೊಗಳಿಕೆಗಿಂತಲೂ ಗೆಳೆಯನ ತೆಗಳಿಕೆಗಿಂತಲೂ ಅದೇ ಈ ಚಿತ್ರಕ್ಕೆ ಹತ್ತಿರದ ಮಾತು.

ಚಿತ್ರ ನೋಡದವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಲೆಮ್ಮಿ ಕಾಶನ್ ಎಂಬ ಗೂಢಚಾರ ಹೊರಗಿನಿಂದ ಆಲ್ಫಾವಿಲ್ ಎಂಬ ನಗರಕ್ಕೆ ಬರುತ್ತಾನೆ. ಅಲ್ಲಿ ಆಲ್ಫಾ 60 ಎಂಬ ಕಂಪ್ಯೂಟರಿನದೇ ಆಡಳಿತ. ಅಳುವುದು, ಪ್ರೀತಿಸುವುದು, ‘ಯಾಕೆ’ ಅಂತ ಕೇಳುವುದು ಎಲ್ಲವೂ ತಪ್ಪು. ಹೋಟೆಲ್ ಕೋಣೆಗಳಲ್ಲಿ ಇಟ್ಟಿರುವ ನಿಘಂಟಿನಿಂದ ಪದಗಳು ಒಂದೊಂದಾಗಿ ಮಾಯವಾಗುತ್ತಿರುತ್ತವೆ. ಆ ಕಂಪ್ಯೂಟರನ್ನು ಕಟ್ಟಿದ ವಿಜ್ಞಾನಿಯ ಮಗಳು ನತಾಶಾಳಿಗೆ ಪ್ರೀತಿ ಅಂದರೆ ಏನೆಂದೇ ಗೊತ್ತಿಲ್ಲ. ಕಾಶನ್ ಅವಳನ್ನು ಅಲ್ಲಿಂದ ಹೊರಗೆ ಕರೆದುಕೊಂಡು ಹೋಗುತ್ತಾನೆ. ಇಷ್ಟೇ ಕಥೆ. 1965ರ ಚಿತ್ರ. ಆ ವರ್ಷ ಬರ್ಲಿನ್ ಚಿತ್ರೋತ್ಸವದಲ್ಲಿ ಗೋಲ್ಡನ್ ಬೇರ್ ಪ್ರಶಸ್ತಿ ಬಂತು.

ಇನ್ನು ‘ಬರೀ ಸ್ಟೈಲು’ ಅನ್ನುವ ಮಾತು. ಮಡಿಕೇರಿ ದಸರಾ ನೋಡಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳು ಬೀದಿಗೆ ಬರುತ್ತವೆ. ಎಲ್ಲದರಲ್ಲೂ ಲೈಟು, ಹೊಗೆ, ಕಿವಿ ಗಡಚಿಕ್ಕುವ ಸದ್ದು, ಕೈಕಾಲು ಆಡಿಸುವ ರಾಕ್ಷಸರು. ಬೆಳಗಿನ ಜಾವದವರೆಗೆ ಚಳಿಯಲ್ಲಿ ನಿಂತು ನೋಡುವ ಜನ ಲೈಟು ಜಾಸ್ತಿ ಇದೆ ಅಂತ ಯಾವ ಮಂಟಪವನ್ನೂ ಬೈಯುವುದಿಲ್ಲ. ಲೈಟು ಬಂದ ಹೊತ್ತಿಗೆ ಕಥೆಯಲ್ಲಿ ಏನಾಯಿತು, ರಾಕ್ಷಸನ ತಲೆ ತಿರುಗಿದ್ದಕ್ಕೂ ದೇವಿ ಬಂದದ್ದಕ್ಕೂ ತಾಳೆ ಇದೆಯಾ ಅಂತ ನೋಡುತ್ತಾರೆ. ತಾಳೆಯಿಲ್ಲದಿದ್ದರೆ ‘ಗೌಜಿ ಮಾತ್ರ’ ಅಂದು ಮುಂದಿನ ಮಂಟಪಕ್ಕೆ ನಡೆಯುತ್ತಾರೆ. ಸಿನಿಮಾದ ಸ್ಟೈಲನ್ನೂ ಹಾಗೇ ಕೇಳಬೇಕು. ಸ್ಟೈಲು ಎಷ್ಟಿದೆ ಅನ್ನುವುದಕ್ಕಿಂತ ಅದು ಅಲ್ಲಿ ಏನು ಕೆಲಸ ಮಾಡುತ್ತಿದೆ ಅನ್ನುವುದು ಮುಖ್ಯ.

ಆಲ್ಫಾವಿಲ್‌ನಲ್ಲಿ ಅದು ಮಾಡುವ ಕೆಲಸ ದೊಡ್ಡದು. ಗೊದಾರ್ ಈ ಚಿತ್ರಕ್ಕೆ ಭವಿಷ್ಯದ ನಗರದ ಸೆಟ್ ಹಾಕಿಸಲಿಲ್ಲ. ಅದಕ್ಕೆ ಮೊದಲು, 1927ರಲ್ಲಿ, ಫ್ರಿಟ್ಜ್ ಲಾಂಗ್ ‘ಮೆಟ್ರೊಪೊಲಿಸ್’ ಮಾಡಿದಾಗ ಸ್ಟುಡಿಯೊದಲ್ಲಿ ಭಾರಿ ಸೆಟ್‌ಗಳು, ಪುಟ್ಟ ಮಾದರಿಗಳು ಎಲ್ಲ ಕಟ್ಟಿ ಒಂದು ಹೊಸ ನಗರವನ್ನೇ ಎಬ್ಬಿಸಿದ್ದರು. ಗೊದಾರ್ ಮಾತ್ರ ಕ್ಯಾಮೆರಾ ಎತ್ತಿಕೊಂಡು ರಾತ್ರಿ ಹೊತ್ತಿನ ಪ್ಯಾರಿಸ್ಸಿಗೇ ಇಳಿದುಬಿಟ್ಟರು. ಆ ಕಾಲಕ್ಕೆ ಹೊಸದಾಗಿ ಎದ್ದಿದ್ದ ಗಾಜು-ಕಾಂಕ್ರೀಟ್ ಕಟ್ಟಡಗಳು, ಆಫೀಸಿನ ಕಾರಿಡಾರು, ಲಿಫ್ಟು, ಹೋಟೆಲ್ ಲಾಬಿ, ಇವೇ ಅವರ ಭವಿಷ್ಯದ ನಗರ. ಕಾಶನ್ ಬೇರೆ ಲೋಕಗಳಿಂದ ಬಂದೆ ಅನ್ನುತ್ತಾನೆ, ಆದರೆ ಬರುವುದು ಮಾಮೂಲಿ ಕಾರಿನಲ್ಲಿ, ಮಾಮೂಲಿ ಹೆದ್ದಾರಿಯಲ್ಲಿ. ಅವನು ತಾನು ‘ಫಿಗಾರೊ-ಪ್ರಾವ್ದಾ’ ಪತ್ರಿಕೆಯ ವರದಿಗಾರ ಅಂತ ಸುಳ್ಳು ಹೇಳುತ್ತಾನಲ್ಲ, ಅದು ಪ್ಯಾರಿಸ್ಸಿನ ಒಂದು ಪತ್ರಿಕೆಯ ಹೆಸರಿಗೆ ಮಾಸ್ಕೋದ ಪತ್ರಿಕೆಯ ಹೆಸರನ್ನು ಅಂಟಿಸಿದ್ದು. ಅಂದರೆ ಈ ನಗರ ಶೀತಲ ಸಮರದ ಆ ಕಡೆಯದ್ದೂ ಹೌದು, ಈ ಕಡೆಯದ್ದೂ ಹೌದು.

ಛಾಯಾಗ್ರಾಹಕ ರಾವುಲ್ ಕುತಾರ್. ಸಿನಿಮಾಕ್ಕೆ ಬರುವ ಮೊದಲು ಅವರು ಇಂಡೋಚೈನಾ ಯುದ್ಧದಲ್ಲಿ ಪತ್ರಿಕಾ ಛಾಯಾಗ್ರಾಹಕರಾಗಿದ್ದವರು. ಇದ್ದ ಬೆಳಕಿನಲ್ಲೇ ಕೆಲಸ ಮುಗಿಸುವುದು ಅವರಿಗೆ ಕೈಬಂದ ವಿದ್ಯೆ. ಈ ಚಿತ್ರದಲ್ಲೂ ರಾತ್ರಿಯ ದೃಶ್ಯಗಳಿಗೆ ದೊಡ್ಡ ಲೈಟು ತರಿಸಲಿಲ್ಲ. ಕಡಿಮೆ ಬೆಳಕನ್ನೂ ಹಿಡಿಯುವ ಫಿಲ್ಮ್ ಹಾಕಿ, ಬೀದಿದೀಪ, ಟ್ಯೂಬ್‌ಲೈಟು, ಕಣ್ಣು ಕುಕ್ಕುವ ಬೋರ್ಡುಗಳಲ್ಲೇ ತೆಗೆದರು. ನೀವು ನೋಡಿದ ಆ ಕಡುಕಪ್ಪು, ಆ ಸುಡುವ ಬಿಳಿ ಅಲ್ಲಿಂದ ಬಂದದ್ದು. ಮುಖ ಅರ್ಧ ಕಾಣುತ್ತದೆ, ಅರ್ಧ ಕತ್ತಲಿಗೆ ಹೋಗುತ್ತದೆ. ಕೆಲವು ಕಡೆ ಇಡೀ ಚಿತ್ರವೇ ನೆಗೆಟಿವ್ ಆಗಿಬಿಡುತ್ತದೆ, ಬಿಳಿ ಕಪ್ಪಾಗಿ, ಕಪ್ಪು ಬಿಳಿಯಾಗಿ.

ಆಲ್ಫಾ 60ರ ಆ ಗೊರಗೊರ ದನಿ ನಿಮಗೆ ನೆನಪಿರಬೇಕು. ಅದು ಸ್ಟುಡಿಯೊದಲ್ಲಿ ತಯಾರಿಸಿದ ಯಂತ್ರದ ದನಿ ಅಲ್ಲ. ಗಂಟಲಿನ ಧ್ವನಿಪೆಟ್ಟಿಗೆಯನ್ನು ಕಳೆದುಕೊಂಡ ಒಬ್ಬ ಮನುಷ್ಯನ ದನಿ. ಕಾಯಿಲೆಯಿಂದ ದನಿ ಹೋಗಿ, ಮತ್ತೆ ಕಷ್ಟಪಟ್ಟು ಮಾತು ಕಲಿತ ಒಬ್ಬರು ಆ ಸಾಲುಗಳನ್ನು ಓದಿದ್ದಾರೆ. ಇದನ್ನು ತಿಳಿದ ಮೇಲೆ ನನಗೆ ಆ ಚಿತ್ರ ಪೂರ್ತಿ ಬೇರೆಯಾಯಿತು. ಭಾವನೆಯೇ ಇಲ್ಲದ ಯಂತ್ರ ಅಂತ ನಾವು ಹೆದರುವ ಆ ದನಿಯಲ್ಲಿ ಪ್ರತಿ ಉಸಿರಿಗೂ ಒಬ್ಬ ಮನುಷ್ಯ ಪಟ್ಟ ಪಾಡು ಕೇಳಿಸುತ್ತದೆ.

ಇಲ್ಲೇ ಒಂದು ತೊಡಕಿದೆ, ನಿಮಗೆ ಮರುಕ ಬಾರದಿರುವುದಕ್ಕೆ ಅರ್ಧ ಕಾರಣ ಅದೇ ಅಂತ ನನ್ನ ಅನಿಸಿಕೆ. 1965ರ ಪ್ಯಾರಿಸ್ಸಿನವರಿಗೆ ಆ ಕಟ್ಟಡಗಳು ‘ಸ್ಟೈಲಿಶ್’ ಆಗಿ ಕಂಡಿರಲಾರವು. ಅವು ಅವರು ದಿನಾ ಹೋಗಿಬರುವ ಆಫೀಸು, ಬಿಲ್ಲು ಕಟ್ಟುವ ಜಾಗ, ಹೊಸ ವಸತಿ ಬಡಾವಣೆ. ತಮ್ಮದೇ ಊರು ಪರದೆ ಮೇಲೆ ಹೀಗೆ ಕಂಡಾಗ ಬೆನ್ನಲ್ಲಿ ಚಳುಕು ಬಂದಿರಬೇಕು. ನಮಗೆ ಪ್ಯಾರಿಸ್ ದೂರದ ಊರು. 1965 ಹಳೆಯ ಕಾಲ. ಉದ್ದ ಕೋಟು, ಟೋಪಿ, ಸಿಗರೇಟಿನ ಹೊಗೆ, ಹಳೆಯ ಕಾರು, ಎಲ್ಲವೂ ನಮ್ಮ ಕಣ್ಣಿಗೆ ಅಲಂಕಾರ. ಅವತ್ತಿನ ಬೇಸರದ ವಸ್ತುಗಳು ಅರುವತ್ತು ವರ್ಷಗಳಲ್ಲಿ ಚೆಂದದ ವಸ್ತುಗಳಾಗಿಬಿಟ್ಟಿವೆ. ಇದರಲ್ಲಿ ನಿಮ್ಮ ತಪ್ಪಿಲ್ಲ, ಗೊದಾರ್ ತಪ್ಪೂ ಇಲ್ಲ.

ಆ ಚಳುಕು ಬೇಕಿದ್ದರೆ ಒಂದು ಕೆಲಸ ಮಾಡಿ. ನೀವು ಚಿತ್ರ ನೋಡಿದ ಜಾಗವನ್ನೇ ಸ್ವಲ್ಪ ನೆನಪಿಸಿಕೊಳ್ಳಿ. ಬೆಂಗಳೂರಿನ ಸಿನಿಮೋತ್ಸವಗಳು ಈಗ ಹೆಚ್ಚಾಗಿ ಮಾಲ್‌ಗಳಲ್ಲೇ ನಡೆಯುವುದು. ಬಾಗಿಲಲ್ಲಿ ಬ್ಯಾಗು ತಪಾಸಣೆ, ಕುತ್ತಿಗೆಯಲ್ಲಿ ಪಾಸು, ಅದರ ಮೇಲೊಂದು ನಂಬರು, ಎಲ್ಲ ಮಹಡಿಗೂ ಒಂದೇ ಬಿಳಿ ಬೆಳಕು, ಹಗಲೋ ರಾತ್ರಿಯೋ ಗೊತ್ತಾಗದ ಕಾರಿಡಾರು. ಗೊದಾರ್ ಇವತ್ತು ಬೆಂಗಳೂರಿಗೆ ಬಂದಿದ್ದರೆ ಇದನ್ನೇ ರಾತ್ರಿ ಹನ್ನೊಂದಕ್ಕೆ, ಇದ್ದ ಬೆಳಕಿನಲ್ಲೇ ತೆಗೆಯುತ್ತಿದ್ದರು ಅಂದುಕೊಳ್ಳಿ. ಆಗ ಆ ಚಿತ್ರ ನಿಮ್ಮ ಹತ್ತಿರಕ್ಕೆ ಬರುತ್ತದೆ.

ಈಗ ಈಜುಕೊಳದ ದೃಶ್ಯಕ್ಕೆ ಬರುತ್ತೇನೆ. ನಿಮ್ಮ ಎರಡನೇ ಪ್ರಶ್ನೆಗೆ ಚಿತ್ರ ಕೊಡುವ ಉತ್ತರ ಪೂರ್ತಿ ಅಲ್ಲೇ ಇದೆ. ಮರಣದಂಡನೆಯಾದವರನ್ನು ಒಬ್ಬೊಬ್ಬರಾಗಿ ಈಜುಕೊಳದ ಹಲಗೆಯ ತುದಿಗೆ ನಿಲ್ಲಿಸುತ್ತಾರೆ. ಅವರಲ್ಲಿ ಒಬ್ಬನ ತಪ್ಪು, ಹೆಂಡತಿ ಸತ್ತಾಗ ಅತ್ತದ್ದು. ಗುಂಡು ಹಾರುತ್ತದೆ, ಅವನು ನೀರಿಗೆ ಬೀಳುತ್ತಾನೆ. ತಕ್ಷಣ ಈಜುಡುಗೆಯ ಹುಡುಗಿಯರು ಕೈಯಲ್ಲಿ ಚೂರಿ ಹಿಡಿದು ನೀರಿಗೆ ಹಾರಿ ಉಳಿದ ಕೆಲಸ ಮುಗಿಸುತ್ತಾರೆ. ಸುತ್ತ ನಿಂತ ಮರ್ಯಾದಸ್ಥರು ಮೆಲ್ಲಗೆ ಚಪ್ಪಾಳೆ ತಟ್ಟುತ್ತಾರೆ. ಇಡೀ ಚಿತ್ರದಲ್ಲಿ ಇಷ್ಟು ಅಚ್ಚುಕಟ್ಟಾದ, ಇಷ್ಟು ಲಯವಿರುವ, ನೋಡಲು ಇಷ್ಟು ಚೆಂದದ ದೃಶ್ಯ ಇನ್ನೊಂದಿಲ್ಲ.

ಇದು ಸುಮ್ನೆ ಆದದ್ದಲ್ಲ. ಕೊಲೆಯನ್ನು ಕಾರ್ಯಕ್ರಮ ಮಾಡಿದ್ದು ಆ ನಗರ. ಚೆಂದವಾಗಿ ಕೊಲ್ಲುವುದು ಅಲ್ಲಿಯ ಆಡಳಿತದ ಶಿಸ್ತು. ಕ್ಯಾಮೆರಾ ಆ ಚಪ್ಪಾಳೆ ತಟ್ಟುವವರ ಸಾಲಿನಲ್ಲೇ ನಿಂತು ನಮ್ಮನ್ನೂ ಅವರ ಜೊತೆ ನಿಲ್ಲಿಸುತ್ತದೆ. ‘ಎಂಥ ಶಾಟ್’ ಅಂತ ನಮ್ಮ ಬಾಯಿಂದ ಬಂದ ಗಳಿಗೆಯಲ್ಲಿ ನಾವೂ ಆಲ್ಫಾವಿಲ್‌ನ ಪ್ರಜೆಗಳು. ನಿಮ್ಮ ಹೊಟ್ಟೆ ಕಿವುಚಿದ್ದು ಸರಿಯಾದ ಜಾಗದಲ್ಲೇ. ಅದನ್ನು ಅನುಮಾನಿಸಬೇಡಿ.

ಹಾಗಂತ ಚೆಂದವನ್ನೆಲ್ಲ ಒಪ್ಪಿಕೊಳ್ಳಬೇಕು ಅಂತಲ್ಲ. ಈ ಜಗಳ ಸಿನಿಮಾದವರ ನಡುವೆ ಹಳೆಯದು. 1960ರಲ್ಲಿ ಇಟಲಿಯ ಜಿಲ್ಲೊ ಪೊಂಟೆಕೊರ್ವೊ ನಾಝಿ ಬಂದಿಶಿಬಿರದ ಬಗ್ಗೆ ‘ಕಾಪೊ’ ಎಂಬ ಚಿತ್ರ ಮಾಡಿದರು. ಅದರಲ್ಲಿ ಒಬ್ಬ ಹೆಂಗಸು ವಿದ್ಯುತ್ ಬೇಲಿಗೆ ಮೈಯೊಡ್ಡಿ ಸಾಯುತ್ತಾಳೆ. ಅವಳು ಸತ್ತ ಮೇಲೆ ಕ್ಯಾಮೆರಾ ಮುಂದಕ್ಕೆ ಚಲಿಸಿ, ಕೆಳಗಿನಿಂದ ನೋಡುವ ಹಾಗೆ, ಅವಳ ದೇಹವನ್ನು ಚೌಕಟ್ಟಿನೊಳಗೆ ಅಂದವಾಗಿ ಕೂರಿಸುತ್ತದೆ. ಮರುವರ್ಷ ಫ್ರಾನ್ಸಿನ ‘ಕಾಯೆ ದು ಸಿನಿಮಾ’ ಪತ್ರಿಕೆಯಲ್ಲಿ ಜಾಕ್ ರಿವೆಟ್ ಈ ಒಂದೇ ಶಾಟನ್ನು ಹಿಡಿದುಕೊಂಡು ಬರೆದರು. ಆ ಹೊತ್ತಿನಲ್ಲಿ ಕ್ಯಾಮೆರಾವನ್ನು ಹಾಗೆ ಮುಂದಕ್ಕೆ ತಳ್ಳಲು ಮನಸ್ಸು ಬಂದವನ ಬಗ್ಗೆ ತನಗೆ ತಿರಸ್ಕಾರ ಬಿಟ್ಟರೆ ಬೇರೇನೂ ಇಲ್ಲ ಅನ್ನುವ ಅರ್ಥದ ಮಾತು ಅದು. ಗೊದಾರ್ ಕೂಡ ಅದೇ ಪತ್ರಿಕೆಯ ಬಳಗದವರು. ಕ್ಯಾಮೆರಾ ಸರಿಸುವುದೇ ಒಂದು ನೈತಿಕ ಪ್ರಶ್ನೆ ಅಂತ ಅವರೂ 1959ರಲ್ಲಿ ಹೇಳಿದ್ದರು. ಅಂದರೆ ಆಲ್ಫಾವಿಲ್ ಮಾಡಿದವರಿಗೆ ನಿಮ್ಮ ಪ್ರಶ್ನೆ ಹೊಸದೇನಲ್ಲ.

ಇದರ ಇನ್ನೊಂದು ತುದಿಯಲ್ಲಿ ಜರ್ಮನಿಯ ನಿರ್ದೇಶಕಿ ಲೆನಿ ರೀಫೆನ್‌ಸ್ಟಾಲ್ ಇದ್ದಾರೆ. 1934ರಲ್ಲಿ ನ್ಯೂರೆಂಬರ್ಗ್‌ನಲ್ಲಿ ನಡೆದ ನಾಝಿ ಸಮಾವೇಶವನ್ನು ಅವರು ಚಿತ್ರ ಮಾಡಿದರು, ಮರುವರ್ಷ ಅದು ತೆರೆಗೆ ಬಂತು. ಕುಸುರಿಯಲ್ಲಿ ಅದಕ್ಕೆ ಕೊರತೆಯಿಲ್ಲ. ಮೇಲಿನಿಂದ ನೋಡಿದರೆ ಸಾವಿರಾರು ಜನ ರಂಗೋಲಿ ಎಳೆಯ ಹಾಗೆ ಸಾಲುಸಾಲು. ಕೆಳಗಿನಿಂದ ನೋಡಿದರೆ ನಾಯಕ ಆಕಾಶದಷ್ಟು ಎತ್ತರ. ಅಲ್ಲಿ ಚೆಂದ ಅಧಿಕಾರದ ಕೈಕೆಲಸ ಮಾಡುತ್ತದೆ, ನೋಡುವವನಿಗೆ ಅನುಮಾನ ಬರಲು ಒಂದು ಸಂದನ್ನೂ ಬಿಡುವುದಿಲ್ಲ. ಈಜುಕೊಳದ ದೃಶ್ಯದಲ್ಲಿ ಆ ಸಂದಿದೆ. ಹಲಗೆಯ ಮೇಲೆ ನಿಂತವನಿಗೆ ಒಂದು ಮುಖವಿದೆ, ಸಾಯುವ ಮುಂಚೆ ಅವನಿಗೆ ಮಾತಾಡಲು ಬಿಡುತ್ತಾರೆ. ನನಗೆ ಮುಖ್ಯವಾದ ವ್ಯತ್ಯಾಸ ಇದು.

ಈಗ ಆ ಡ್ರೋನ್ ವಿಡಿಯೊಗಳು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಬೆಟ್ಟ ಜಾರಿದಾಗ ಬಂದ ಚಿತ್ರಗಳು ನಮ್ಮ ಜಿಲ್ಲೆಯಲ್ಲಿ ಎಲ್ಲರ ಕಣ್ಣಲ್ಲೂ ಇನ್ನೂ ಇವೆ. ಹಸಿರಿನ ನಡುವೆ ಕೆಂಪು ಮಣ್ಣಿನ ಉದ್ದ ಗೀರು. ಬಣ್ಣದ ಲೆಕ್ಕದಲ್ಲಿ ಅದು ಚೆಂದವೇ, ಅದನ್ನು ಸುಳ್ಳು ಅನ್ನಲಾಗುವುದಿಲ್ಲ. ನಿಮಗೆ ನೋವಾದದ್ದು ಚೆಂದದಿಂದಲ್ಲ, ಎತ್ತರದಿಂದ ಅಂತ ನನಗನಿಸುತ್ತದೆ. ಅಷ್ಟು ಮೇಲಿನಿಂದ ಮನೆ ಕಾಣುವುದಿಲ್ಲ. ಕಣ, ಕೊಟ್ಟಿಗೆ, ಲೈನ್‌ಮನೆಯ ತಗಡು ಯಾವುದೂ ಕಾಣುವುದಿಲ್ಲ. ಕಾಫಿ ಗಿಡಗಳನ್ನು ಯಾರು ನೆಟ್ಟರು, ಎಷ್ಟು ವರ್ಷ ಚಿಗುರು ತೆಗೆದರು ಅನ್ನುವುದೂ ಇಲ್ಲ. ಅದಕ್ಕೊಂದು ಹಿನ್ನೆಲೆ ಸಂಗೀತ ಅಂಟಿಸಿದರೆ ನಿಮ್ಮ ನೆಂಟರ ತೋಟ ಯಾರದೋ ಫೋನಿನಲ್ಲಿ ಒಂದು ‘ಶಾಟ್’ ಆಗಿ ಮುಗಿದುಹೋಗುತ್ತದೆ. ಅದೇ ಡ್ರೋನನ್ನು ಅದೇ ಎತ್ತರದಲ್ಲಿ ಹಾರಿಸಿ ಭೂವಿಜ್ಞಾನಿಯೊಬ್ಬರು ಬಿರುಕು ಎಲ್ಲಿ ಶುರುವಾಯಿತು, ಗುಡ್ಡವನ್ನು ಎಲ್ಲಿ ಕಡಿದಿದ್ದರು, ನೀರು ಎಲ್ಲಿಂದ ಒಡೆದು ಬಂತು ಅಂತ ನೋಡಿದರೆ ಆ ಶಾಟ್ ಬೇರೆ. ಕೆಳಗಿನ ಮನುಷ್ಯನಿಗಾಗಿ ಅವರು ಮೇಲೆ ಹೋಗಿದ್ದಾರೆ.

ನೋವಿನ ಹತ್ತಿರ ನಿಲ್ಲುವ ಕ್ಯಾಮೆರಾ ಹೇಗಿರುತ್ತದೆ ಅಂತ ನೋಡಬೇಕಿದ್ದರೆ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ನೋಡಿ, 1977ರದ್ದು. ಎಸ್. ರಾಮಚಂದ್ರ ತೆಗೆದ ಕಪ್ಪು-ಬಿಳುಪು. ಅದೂ ಚೆಂದವೇ. ಆದರೆ ಅಲ್ಲಿ ಕ್ಯಾಮೆರಾ ನಾಣಿ ಎಂಬ ಹುಡುಗನ ಮಗ್ಗುಲು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಯಮುನಕ್ಕನಿಗೆ ಆಗುವುದನ್ನು ನಾವು ಅವನ ಜೊತೆಗೇ, ಅವನಿಗೆ ಅರ್ಥವಾದಷ್ಟೇ ನೋಡುತ್ತೇವೆ. ಆಲ್ಫಾವಿಲ್‌ಗೆ ಈ ಹತ್ತಿರ ಇಲ್ಲ.

ನನಗೂ ಆ ಚಿತ್ರದ ಮೇಲೆ ತಕರಾರಿದೆ. ಅಲ್ಲಿಯ ಹೆಂಗಸರು. ಗಂಡಸರ ಸೇವೆಗೆಂದು ನಿಂತ, ಮೈಮೇಲೆ ನಂಬರು ಹಾಕಿಸಿಕೊಂಡ ಹುಡುಗಿಯರನ್ನು ಚಿತ್ರ ಆ ನಗರದ ಕ್ರೌರ್ಯ ಅಂತಲೇ ತೋರಿಸುತ್ತದೆ, ಸರಿ. ಆದರೆ ತೋರಿಸುವಾಗ ಕ್ಯಾಮೆರಾ ಅವರನ್ನು ತಾನೂ ಅಲಂಕಾರದ ಹಾಗೆಯೇ ಬಳಸಿಕೊಳ್ಳುತ್ತದೆ. ಅವರಲ್ಲಿ ಒಬ್ಬಳಿಗೂ ಆ ಹಲಗೆಯ ಮೇಲೆ ನಿಂತವನಿಗೆ ಸಿಕ್ಕಷ್ಟು ಮಾತು ಸಿಗುವುದಿಲ್ಲ. ಕೊನೆಗೆ ನತಾಶಾಳನ್ನು ಉಳಿಸುವುದೂ ಕೋಟು ಹಾಕಿದ ಗಂಡಸೇ. ಯಾರ ಮೇಲೂ ಮರುಕ ಬರಲಿಲ್ಲ ಅಂದಿರಲ್ಲ, ಇನ್ನರ್ಧ ಕಾರಣ ಇದಿರಬಹುದು. ಇದನ್ನು ಧೈರ್ಯವಾಗಿ ಹೇಳಿ. ಗೊದಾರ್ ಚಿತ್ರ ಅನ್ನುವ ಕಾರಣಕ್ಕೆ ಇದನ್ನು ನುಂಗಿಕೊಳ್ಳಬೇಕಿಲ್ಲ.

ಆದರೂ ನತಾಶಾಳ ಪಾತ್ರ ಮಾಡಿದ ಅನ್ನಾ ಕರೀನಾ ಮುಖವನ್ನು ಇನ್ನೊಮ್ಮೆ ನೋಡಿ ಅಂತ ಕೇಳಿಕೊಳ್ಳುತ್ತೇನೆ. ಕಾಶನ್ ಅವಳ ಕೈಗೆ ಪೌಲ್ ಎಲ್ವಾರ್ ಎಂಬ ಕವಿಯ ಪುಸ್ತಕ ಕೊಡುತ್ತಾನೆ, 1926ರಲ್ಲಿ ಬಂದ ಕವನ ಸಂಕಲನ. ಅದನ್ನು ಹಿಡಿದು ಅವಳು ಕಿಟಕಿಯ ಹತ್ತಿರ ನಿಲ್ಲುತ್ತಾಳೆ. ಅಷ್ಟು ಹೊತ್ತೂ ಮಿನುಗುವ ಬೋರ್ಡು, ಬಾಣದ ಗುರುತು, ಸಮೀಕರಣ ಅಂತ ನಮ್ಮ ಕಣ್ಣಿಗೆ ಬಿಡುವೇ ಕೊಡದ ಚಿತ್ರ ಆಗ ಒಂದು ಮುಖದ ಮೇಲೆ ನಿಲ್ಲುತ್ತದೆ. ಅವಳಿಗೆ ಏನೋ ನೆನಪಾಗುತ್ತಿದೆ, ಏನೆಂದು ಗೊತ್ತಾಗುತ್ತಿಲ್ಲ. ನನಗೆ ಇಡೀ ಚಿತ್ರ ಈ ಕೆಲವು ನಿಮಿಷಗಳಿಗಾಗಿಯೇ ಇದೆ. ಇಲ್ಲಿಯೂ ನಿಮಗೆ ಏನೂ ಆಗದಿದ್ದರೆ ಆ ಚಿತ್ರ ನಿಮ್ಮದಲ್ಲ ಅಷ್ಟೇ, ಬಿಟ್ಟುಬಿಡಿ.

ಹೊರಗೆ ಬಂದು ಸುಮ್ಮನಿದ್ದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಸಿನಿಮೋತ್ಸವದಲ್ಲಿ ದಿನಕ್ಕೆ ನಾಲ್ಕೈದು ಚಿತ್ರ ನೋಡುತ್ತೇವೆ, ಮಧ್ಯೆ ಕ್ಯೂ, ಊಟ ಅರ್ಧಂಬರ್ಧ. ಆ ದಣಿವಿನಲ್ಲಿ ಕಣ್ಣಿಗೆ ಹೊಡೆಯುವ ಚಿತ್ರಗಳೇ ಗೆಲ್ಲುತ್ತವೆ, ಮೆಲ್ಲಗೆ ಮಾತಾಡುವ ಚಿತ್ರಗಳು ಸೋಲುತ್ತವೆ. ಬಾಗಿಲಲ್ಲಿ ನಿಂತು ಕೊಡುವ ತೀರ್ಪಿಗೆ ಅಷ್ಟೇನೂ ಬೆಲೆಯಿಲ್ಲ. ಎರಡು ದಿನ ಬಿಟ್ಟು ಯಾವ ದೃಶ್ಯ ತಾನಾಗಿ ನೆನಪಿಗೆ ಬಂತು ಅಂತ ನೋಡಿ, ಅದನ್ನು ಒಂದು ಕಡೆ ಬರೆದಿಡಿ. ನಿಮ್ಮ ಗೆಳೆಯನನ್ನೂ ‘ಯಾವ ದೃಶ್ಯ ಬರೀ ಸ್ಟೈಲು ಅನಿಸಿತು’ ಅಂತ ಕೇಳಿ. ಅವನು ಒಂದು ದೃಶ್ಯದ ಹೆಸರು ಹೇಳಿದ ತಕ್ಷಣ ಜಗಳ ಹೋಗಿ ಮಾತುಕತೆ ಶುರುವಾಗುತ್ತದೆ.

ಕಾಲೇಜಿನಲ್ಲಿ ಖಂಡಿತ ತೋರಿಸಿ. ಪ್ರದರ್ಶನದ ಹಕ್ಕು ಯಾರ ಹತ್ತಿರ ಇದೆ ಅಂತ ಮೊದಲು ವಿಚಾರಿಸಿ ಅನುಮತಿ ತೆಗೆದುಕೊಳ್ಳಿ. ಹತ್ತಿರ ಹತ್ತಿರ ಒಂದು ಗಂಟೆ ನಲವತ್ತು ನಿಮಿಷದ ಚಿತ್ರ, ಸಂಜೆ ಇಟ್ಟುಕೊಂಡರೆ ಸಾಕು. ಜೂನ್-ಜುಲೈ ಬೇಡ, ಆ ಮಳೆಯಲ್ಲಿ ನಮ್ಮ ಕಡೆ ಕರೆಂಟನ್ನು ನಂಬಲಾಗುವುದಿಲ್ಲ, ತಗಡಿನ ಮಾಡಿನ ಸದ್ದಿಗೆ ಮಾತೂ ಕೇಳಿಸುವುದಿಲ್ಲ. ಕಿಟಕಿಗಳಿಗೆ ದಪ್ಪ ಪರದೆ ಕಟ್ಟಿ. ಪ್ರೊಜೆಕ್ಟರ್ ಸುಮಾರಾಗಿದ್ದು ಕೋಣೆಯಲ್ಲಿ ಬೆಳಕೂ ಇದ್ದರೆ ಕುತಾರ್ ತೆಗೆದ ಕಪ್ಪೆಲ್ಲ ಬೂದಿಯಾಗಿ ಕಾಣುತ್ತದೆ, ಆಮೇಲೆ ಸ್ಟೈಲಿನ ಬಗ್ಗೆ ಮಾತಾಡಲು ಏನೂ ಉಳಿಯುವುದಿಲ್ಲ. ಇಂಗ್ಲಿಷ್ ಸಬ್‌ಟೈಟಲ್ ಓದಲು ತೊಡಕಾಗುವವರಿದ್ದರೆ ಮೊದಲೇ ಕಥೆ ಹೇಳಿಬಿಡಿ. ಈ ಚಿತ್ರದಲ್ಲಿ ಕಥೆ ಗೊತ್ತಿದ್ದರೆ ನಷ್ಟವಿಲ್ಲ, ಕಣ್ಣಿಗೆ ಬಿಡುವು ಸಿಗುತ್ತದೆ.

ಸಮಯವಿದ್ದರೆ ಅದಕ್ಕೆ ಮೊದಲು ಕ್ರಿಸ್ ಮಾರ್ಕರ್ ಅವರ ‘ಲಾ ಜತೇ’ ಹಾಕಿ. 1962ರದ್ದು, ಅರ್ಧ ಗಂಟೆಯೂ ಇಲ್ಲ. ಮೂರನೇ ಮಹಾಯುದ್ಧ ಮುಗಿದ ಮೇಲಿನ ಪ್ಯಾರಿಸ್ಸಿನ ಕಥೆ. ಬಹುತೇಕ ಪೂರ್ತಿ ನಿಂತ ಫೋಟೊಗಳಲ್ಲೇ ಹೇಳಿದ್ದಾರೆ, ಒಂದೇ ಒಂದು ಕಡೆ ಮಾತ್ರ ಚಿತ್ರ ಚಲಿಸುತ್ತದೆ. ಎಲ್ಲಿ ಅಂತ ನಾನು ಹೇಳುವುದಿಲ್ಲ, ನಿಮ್ಮ ಗೆಳೆಯರಿಗೂ ಹೇಳಬೇಡಿ.

ಮುಗಿದ ಮೇಲೆ ‘ಹೇಗಿತ್ತು’ ಅಂತ ಮಾತ್ರ ಕೇಳಬೇಡಿ, ಹಾಗೆ ಕೇಳಿದರೆ ಒಳ್ಳೆಯದಿತ್ತು, ಬೋರಿತ್ತು ಅನ್ನುವುದರ ಆಚೆಗೆ ಮಾತು ಹೋಗುವುದಿಲ್ಲ. ಈಜುಕೊಳದ ದೃಶ್ಯ ಬಂದಾಗ ನಿಮಗೆ ಏನಾಯಿತು ಅಂತ ಕೇಳಿ. ಮೊದಲು ನಿಮಗೆ ಏನಾಯಿತು ಅಂತ ನೀವೇ ಹೇಳಿ, ಮಕ್ಕಂದೂರಿನ ಮಾತನ್ನೂ ಸೇರಿಸಿ. ಆ ಮಳೆಗಾಲವನ್ನು ಕಂಡವರು ನಿಮ್ಮ ಸಭೆಯಲ್ಲಿ ಇನ್ನೂ ಕೆಲವರಾದರೂ ಇರುತ್ತಾರೆ, ಅವರಿಗೆ ಮಾತಾಡಲು ಸಮಯ ಬಿಡಿ.